ಹಳೆಯ ಡ್ರಮ್ ಸೆಟ್‌ನ ವಯಸ್ಸು ಯಾವುದು, ಮರ ಯಾವುದು?

ಹಳೆಯ ವಾದ್ಯಗಳು ಕೈ ಬದಲಾಗುವಾಗ ಅವುಗಳ ಜೊತೆಗೆ ಒಂದು ಸಾಲಿನ ಜಾತಕವೂ ಬರುತ್ತದೆ. ‘ಅರವತ್ತರ ದಶಕದ ಲಡ್ವಿಗ್ ಡ್ರಮ್ ಸೆಟ್, ಮೇಪಲ್ ಮರ, ಎಲ್ಲವೂ ಒರಿಜಿನಲ್’ ಎಂಬುದು ಅದರ ಸಾಮಾನ್ಯ ಮಾದರಿ. ಸಾಲು ಚಿಕ್ಕದಾದರೂ ಅದರಲ್ಲಿ ಮೂರು ಬೇರೆ ಬೇರೆ ಮಾತುಗಳಿವೆ. ವಾದ್ಯ ಯಾವ ಕಾಲದ್ದು, ಅದರ ಒಡಲು ಯಾವ ಮರದ್ದು, ಅದರ ಭಾಗಗಳೆಲ್ಲ ಮೊದಲಿನಿಂದಲೂ ಒಟ್ಟಿಗೇ ಇದ್ದವೇ ಎಂಬ ಮೂರೂ ಪ್ರಶ್ನೆಗಳಿಗೆ ಅದು ಒಂದೇ ಉಸಿರಿನಲ್ಲಿ ಉತ್ತರ ಹೇಳಿಬಿಡುತ್ತದೆ. ಕೊಳ್ಳುವವರು ಮಾತ್ರ ಈ ಮೂರನ್ನೂ ಬಿಡಿಸಿ ನೋಡಬೇಕು. ಒಂದಕ್ಕೆ ಸಿಕ್ಕ ಪುರಾವೆ ಇನ್ನೊಂದಕ್ಕೆ ಸಾಲುವುದಿಲ್ಲ.

ಈ ಲೇಖನದಲ್ಲಿ ಅಮೆರಿಕದ ಲಡ್ವಿಗ್ ಕಂಪನಿಯ ಡ್ರಮ್‌ಗಳನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅರವತ್ತರ ದಶಕದಲ್ಲಿ ಅವು ಅಪಾರ ಸಂಖ್ಯೆಯಲ್ಲಿ ತಯಾರಾದವು. ಸಂಗ್ರಾಹಕರು ಅವುಗಳ ಪ್ರತಿಯೊಂದು ತಿರುಪನ್ನೂ ಅಧ್ಯಯನ ಮಾಡಿದ್ದಾರೆ. ಹಾಗಾಗಿ ಯಾವ ಗುರುತು ಎಷ್ಟು ನಂಬಲರ್ಹ ಎಂಬುದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಒಂದು ವಾದ್ಯವಲ್ಲ, ಒಂದು ಜೋಡಣೆ

ಮೊದಲು ಡ್ರಮ್ ಸೆಟ್ ಎಂದರೇನು ಎಂಬುದು ಸ್ಪಷ್ಟವಾಗಬೇಕು. ಕಾಲಿನಿಂದ ಬಾರಿಸುವ ದೊಡ್ಡ ಬಾಸ್ ಡ್ರಮ್, ಅದರ ಮೇಲೆ ಕೂರುವ ಟಾಮ್, ಪಕ್ಕದಲ್ಲಿ ಮೂರು ಕಾಲಿನ ಮೇಲೆ ನಿಲ್ಲುವ ಫ್ಲೋರ್ ಟಾಮ್, ಎದುರಿಗೆ ಕಟಕಟ ಸದ್ದಿನ ಸ್ನೇರ್. ಸಾಮಾನ್ಯ ಸೆಟ್‌ನಲ್ಲಿ ಇಷ್ಟಾದರೂ ಇರುತ್ತವೆ. ಪ್ರತಿ ಡ್ರಮ್ಮಿಗೂ ಶೆಲ್ ಎಂಬ ಕೊಳವೆಯಾಕಾರದ ಒಡಲಿದೆ. ಅದರ ಬಾಯಿಗೆ ಹೆಡ್ ಎಂಬ ತೆಳು ಹಾಳೆಯನ್ನು ಹೊದಿಸುತ್ತಾರೆ. ಹೆಡ್ಡನ್ನು ಹೂಪ್ ಎಂಬ ಬಳೆ ಹಿಡಿದಿಡುತ್ತದೆ. ಹೂಪನ್ನು ಕೆಳಗೆಳೆಯುವ ತಿರುಪುಗಳು ಲಗ್ ಎಂಬ ಲೋಹದ ಗೂಡುಗಳಲ್ಲಿ ಕೂರುತ್ತವೆ. ಲಗ್‌ಗಳನ್ನು ಶೆಲ್ಲಿಗೆ ತೂತು ಕೊರೆದು ಬಿಗಿದಿರುತ್ತಾರೆ.

ಈ ಭಾಗಗಳು ಕಾರ್ಖಾನೆಯ ಬೇರೆ ಬೇರೆ ವಿಭಾಗಗಳಲ್ಲಿ, ಕೆಲವೊಮ್ಮೆ ಬೇರೆ ಬೇರೆ ಕಾರ್ಖಾನೆಗಳಲ್ಲೇ ತಯಾರಾಗಿ ಕೊನೆಗೆ ಒಂದೆಡೆ ಸೇರುತ್ತವೆ. ಮಾರಾಟವಾದ ಮೇಲೆ ಅವುಗಳ ಬಾಳಿಕೆಯೂ ಒಂದೇ ಆಗಿರುವುದಿಲ್ಲ. ಹೆಡ್‌ಗಳು ಆಗಾಗ ಬದಲಾಗುತ್ತವೆ, ಹೂಪ್‌ಗಳು ಬಾಗಿ ಹೋಗುತ್ತವೆ, ಸ್ನೇರ್ ಬೇರೆಯವರ ಪಾಲಾಗುತ್ತದೆ, ಟಾಮ್ ಹಿಡಿಯುವ ತೋಳು ಮುರಿದಾಗ ಇನ್ನೊಂದು ಕಂಪನಿಯದನ್ನು ಹಾಕುತ್ತಾರೆ. ಆದ್ದರಿಂದ ‘ಈ ಸೆಟ್‌ನ ವಯಸ್ಸೆಷ್ಟು’ ಎಂಬ ಪ್ರಶ್ನೆಗೆ ಒಂದೇ ಉತ್ತರ ಇರಬೇಕಾಗಿಲ್ಲ. ಶೆಲ್ಲಿಗೆ ಒಂದು ವಯಸ್ಸು, ಬ್ಯಾಡ್ಜಿಗೆ ಇನ್ನೊಂದು, ಜೋಡಣೆಗೆ ಮತ್ತೊಂದು ಇರಬಹುದು.

ಕಾಲ ನಮೂದಿಸದ ಶಾಸನವನ್ನು ಓದುವವರು ಲಿಪಿಯ ಆಕಾರ, ಅರಸನ ಹೆಸರು, ಭಾಷೆಯ ರೂಪ ಇವುಗಳನ್ನು ಒಂದಕ್ಕೊಂದು ತಾಳೆ ನೋಡಿ ಒಂದು ಅವಧಿಯನ್ನು ಹೇಳುತ್ತಾರೆ. ಇಲ್ಲಿಯೂ ಕೆಲಸ ಅದೇ ಬಗೆಯದು. ಪ್ರತಿಯೊಂದು ಗುರುತೂ ‘ಇದಕ್ಕಿಂತ ಹಿಂದಿನದಲ್ಲ’ ಅಥವಾ ‘ಇದರ ನಂತರದ್ದಲ್ಲ’ ಎಂಬ ಒಂದು ಗಡಿಯನ್ನು ಹಾಕುತ್ತದೆ. ಎಲ್ಲ ಗಡಿಗಳ ನಡುವೆ ಉಳಿಯುವ ಕಿರಿದಾದ ಜಾಗವೇ ವಾದ್ಯದ ಕಾಲ.

ಬ್ಯಾಡ್ಜ್ ಏನು ಹೇಳುತ್ತದೆ

ಮೊದಲು ಕಣ್ಣಿಗೆ ಬೀಳುವುದು ಬ್ಯಾಡ್ಜ್, ಅಂದರೆ ಶೆಲ್ ಮೇಲೆ ಕೂರಿಸಿದ ಕಂಪನಿಯ ಲೋಹದ ಬಿಲ್ಲೆ. ಅದನ್ನು ಓದಲು ಕಂಪನಿಯ ಚರಿತ್ರೆ ಸ್ವಲ್ಪ ಗೊತ್ತಿರಬೇಕು. ವಿಲಿಯಂ ಮತ್ತು ಥಿಯೊಬಾಲ್ಡ್ ಲಡ್ವಿಗ್ ಎಂಬ ಸಹೋದರರು 1909ರಲ್ಲಿ ಶಿಕಾಗೊದಲ್ಲಿ ಉದ್ಯಮ ಆರಂಭಿಸಿದರು. 1930ರ ಸುಮಾರಿಗೆ ಅದು ಕಾನ್ ಎಂಬ ದೊಡ್ಡ ವಾದ್ಯ ಕಂಪನಿಯ ಪಾಲಾಯಿತು, ಹೆಸರಿನ ಹಕ್ಕೂ ಅದರ ಜೊತೆಗೇ ಹೋಯಿತು. ವಿಲಿಯಂ 1937ರಲ್ಲಿ ಹೊಸದಾಗಿ ಕಂಪನಿ ಕಟ್ಟಿದಾಗ ತನ್ನ ಮನೆತನದ ಹೆಸರನ್ನೇ ಬಳಸುವಂತಿರಲಿಲ್ಲ. ಹಾಗಾಗಿ ತನ್ನ ಹೆಸರಿನ ಮೂರು ಅಕ್ಷರಗಳನ್ನು ಸೇರಿಸಿ ಡಬ್ಲ್ಯು.ಎಫ್.ಎಲ್. ಎಂದು ಕರೆದ. ಹಳೆಯ ಹೆಸರು ಕುಟುಂಬಕ್ಕೆ ಮರಳಿದ್ದು 1955ರಲ್ಲಿ.

ಆದ್ದರಿಂದ ಡಬ್ಲ್ಯು.ಎಫ್.ಎಲ್. ಎಂಬ ಹೆಸರು ಮಾತ್ರ ಇರುವ ಡ್ರಮ್ 1937ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಮೇಲೆ ಅಗಲ, ಕೆಳಗೆ ಕಿರಿದು, ಕಮಾನಿನ ನಡುಗಲ್ಲಿನಂತಹ ಆಕಾರದ ‘ಕೀಸ್ಟೋನ್’ ಬ್ಯಾಡ್ಜ್ 1960ರ ಸುಮಾರಿಗೆ ಬಂತು. ಮೊದಲ ಕೆಲವು ವರ್ಷ ಅದರ ಮೇಲೆ ಕ್ರಮಸಂಖ್ಯೆ ಇರಲಿಲ್ಲ. 1963ರ ಕೊನೆಯ ಭಾಗದಿಂದ ಸಂಖ್ಯೆ ಕಾಣಿಸಿಕೊಳ್ಳುತ್ತದೆ. ಎಪ್ಪತ್ತರ ದಶಕಕ್ಕೆ ಕಾಲಿಡುವ ಹೊತ್ತಿಗೆ ಕೀಸ್ಟೋನ್ ಹೋಗಿ ನೀಲಿ ಮತ್ತು ಆಲಿವ್ ಬಣ್ಣದ ಬ್ಯಾಡ್ಜ್ ಬಂತು. ಆ ಬ್ಯಾಡ್ಜಿನ ಮೂಲೆಗಳು ಮೊದಲು ಚೂಪಾಗಿದ್ದವು, ದಶಕದ ಕೊನೆಯಲ್ಲಿ ದುಂಡಗಾದವು. 1981ರಲ್ಲಿ ಕಂಪನಿಯನ್ನು ಸೆಲ್ಮರ್ ಸಂಸ್ಥೆ ಕೊಂಡಿತು. 1984ರಲ್ಲಿ ತಯಾರಿಕೆ ಶಿಕಾಗೊ ಬಿಟ್ಟು ನಾರ್ತ್ ಕೆರೊಲಿನಾದ ಮನ್ರೊ ಎಂಬ ಊರಿಗೆ ಹೋಯಿತು.

ಊರಿನ ಹೆಸರು ಬೇರೆ ಕಂಪನಿಗಳಲ್ಲೂ ಉಪಯೋಗಕ್ಕೆ ಬರುತ್ತದೆ. ಸ್ಲಿಂಗರ್‌ಲ್ಯಾಂಡ್ ಬ್ಯಾಡ್ಜಿನ ಮೇಲೆ ಶಿಕಾಗೊ ಎಂದಿದೆಯೋ ನೈಲ್ಸ್ ಎಂದಿದೆಯೋ ಎಂಬುದು ಅರವತ್ತರ ದಶಕದ ಆರಂಭದ ಸ್ಥಳಾಂತರದ ಹಿಂದೆ ಮುಂದೆ ಎಂದು ಭಾಗ ಮಾಡುತ್ತದೆ. 1883ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಗ್ರೆಚ್ ಕಂಪನಿಯ ದುಂಡು ಬ್ಯಾಡ್ಜ್ ಎಪ್ಪತ್ತರ ದಶಕದ ಆರಂಭದವರೆಗೆ ನಡೆಯಿತು, ನಂತರ ಎಂಟು ಮೂಲೆಯದು ಬಂತು.

ಕ್ರಮಸಂಖ್ಯೆಗೆ ಕ್ರಮವಿಲ್ಲದ್ದು ಏಕೆ

ಬ್ಯಾಡ್ಜಿನ ಮೇಲೆ ಸಂಖ್ಯೆ ಇದ್ದರೆ ವರ್ಷ ತಿಳಿಯುವುದು ಸುಲಭ ಎಂದು ಯಾರಿಗಾದರೂ ಅನಿಸುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಡ್ರಮ್ ಹೊಸದು ಎಂಬುದು ಸ್ಥೂಲವಾಗಿ ನಿಜವೂ ಹೌದು. ಆದರೆ ಲಡ್ವಿಗ್ ವಿಷಯದಲ್ಲಿ ಇದನ್ನು ಬಿಗಿಯಾಗಿ ಹಿಡಿಯುವಂತಿಲ್ಲ. ಒಂದೇ ದಿನ ಕೊಂಡ, ಒಂದೇ ಮನೆಯಲ್ಲಿ ಉಳಿದುಬಂದ ಸೆಟ್‌ನ ಬಾಸ್ ಡ್ರಮ್ಮಿಗೂ ಟಾಮಿಗೂ ಸಂಖ್ಯೆಯಲ್ಲಿ ಹತ್ತಾರು ಸಾವಿರದ ಅಂತರ ಇರುವುದುಂಟು.

ಇದರ ಕಾರಣ ಕಾರ್ಖಾನೆಯ ಒಳಗಿದೆ. 1963ರಲ್ಲಿ ಬೀಟಲ್ಸ್ ತಂಡದ ರಿಂಗೊ ಸ್ಟಾರ್ ಲಂಡನ್ನಿನ ಡ್ರಮ್ ಸಿಟಿ ಎಂಬ ಅಂಗಡಿಯಿಂದ ಲಡ್ವಿಗ್ ಸೆಟ್ ತೆಗೆದುಕೊಂಡರು. 1964ರ ಫೆಬ್ರವರಿ 9ರಂದು ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಬೀಟಲ್ಸ್ ನುಡಿಸಿದಾಗ ಸುಮಾರು 7.3 ಕೋಟಿ ಜನ ನೋಡಿದರೆಂದು ಅಂದಾಜಿದೆ. ಬಾಸ್ ಡ್ರಮ್ಮಿನ ಮುಖದ ಮೇಲೆ ಲಡ್ವಿಗ್ ಎಂಬ ಹೆಸರು ಎಲ್ಲರಿಗೂ ಕಾಣುವಂತಿತ್ತು. ಮರುದಿನದಿಂದ ಬೇಡಿಕೆ ಏರಿದ ಪರಿಗೆ ಶಿಕಾಗೊದ ಕಾರ್ಖಾನೆ ಹಗಲೂ ರಾತ್ರಿ ನಡೆಯಬೇಕಾಯಿತು. ಆ ಗಡಿಬಿಡಿಯಲ್ಲಿ ಬ್ಯಾಡ್ಜ್‌ಗಳನ್ನು ಸಂಖ್ಯೆಯ ಪ್ರಕಾರ ಜೋಡಿಸಿ ಇಡುವ ಅಗತ್ಯ ಯಾರಿಗೂ ಕಾಣಲಿಲ್ಲ. ಡಬ್ಬಿಯಲ್ಲಿ ರಾಶಿ ಬಿದ್ದಿದ್ದ ಬ್ಯಾಡ್ಜ್‌ಗಳಲ್ಲಿ ಕೈಗೆ ಸಿಕ್ಕಿದ್ದನ್ನು ಡ್ರಮ್ಮಿಗೆ ಹಾಕಿದರು. ಡಬ್ಬಿಯ ತಳದಲ್ಲಿ ಉಳಿದದ್ದು ಎಷ್ಟೋ ತಿಂಗಳ ಮೇಲೆ ಬಳಕೆಗೆ ಬಂದಿರಬಹುದು. ಸಂಖ್ಯೆ ಬಂದದ್ದು ಡ್ರಮ್ಮಿಗೊಂದು ಗುರುತು ಬೇಕೆಂದು. ಮುಂದೊಂದು ದಿನ ಅದರಿಂದ ವರ್ಷ ಲೆಕ್ಕ ಹಾಕುತ್ತಾರೆ ಎಂಬ ಯೋಚನೆ ಆಗ ಇರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಶೆಲ್ ಒಳಗಿದೆ. ಹೆಡ್ ಬಿಚ್ಚಿ, ಒಳಗಿನ ದೂಳನ್ನು ಒಣಬಟ್ಟೆಯಿಂದ ಮೆಲ್ಲಗೆ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಅರವತ್ತರ ದಶಕದ ಅನೇಕ ಲಡ್ವಿಗ್ ಡ್ರಮ್‌ಗಳಲ್ಲಿ ಕೆಂಪು ಶಾಯಿಯ ಒಂದು ಮುದ್ರೆ ಕಾಣುತ್ತದೆ. ತಿಂಗಳಿನ ಮೂರು ಅಕ್ಷರ, ದಿನ, ವರ್ಷ: ಅಂಚೆಯ ಮೊಹರಿನಷ್ಟು ಸರಳ. ಒಮ್ಮೊಮ್ಮೆ ಅರ್ಧ ಮಾತ್ರ ಮೂಡಿರುತ್ತದೆ, ಒಮ್ಮೊಮ್ಮೆ ತಲೆಕೆಳಗಾಗಿರುತ್ತದೆ. ಎಲ್ಲ ಡ್ರಮ್‌ಗಳಲ್ಲೂ ಅದು ಇರುವುದಿಲ್ಲ. ಇದ್ದಾಗಲೂ ಅದು ಶೆಲ್ ತಯಾರಾದ ಹೊತ್ತನ್ನು ಹೇಳುತ್ತದೆಯೇ ಹೊರತು ಡ್ರಮ್ ಪೂರ್ತಿಯಾಗಿ ಅಂಗಡಿಗೆ ಹೊರಟ ದಿನವನ್ನಲ್ಲ. ಶೆಲ್‌ಗಳು ಬಣ್ಣ, ಹೊದಿಕೆ, ಲಗ್‌ಗಳಿಗಾಗಿ ಕಾಯುತ್ತಿದ್ದವು. ಹೀಗಾಗಿ ಮುದ್ರೆಯ ತಾರೀಖು ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಗಡಿ ಮಾತ್ರ.

ಮುದ್ರೆ ಇಲ್ಲದಿದ್ದರೆ ಒಳಗಿನ ಬಣ್ಣವೇ ಸಾಕ್ಷಿ. ಐವತ್ತರ ದಶಕದಿಂದ ಅರವತ್ತರ ಆರಂಭದವರೆಗೆ ಲಡ್ವಿಗ್ ಶೆಲ್‌ಗಳ ಒಳಮೈಗೆ ಬಿಳಿ ಬಣ್ಣ ಬಳಿಯುತ್ತಿದ್ದರು. ಆಮೇಲೆ ಕಲ್ಲಿನ ಚುಕ್ಕೆಗಳಂತೆ ಕಾಣುವ ಬೂದು ಲೇಪನ ಬಂತು. 1968ರ ಹೊತ್ತಿಗೆ ಅದೂ ಹೋಗಿ ಮರ ಕಾಣುವ ಪಾರದರ್ಶಕ ವಾರ್ನಿಶ್ ಬಂತು. ಕೀಸ್ಟೋನ್ ಬ್ಯಾಡ್ಜ್, ಅದರ ಮೇಲೆ ಸಂಖ್ಯೆ, ಒಳಗೆ ಬೂದು ಚುಕ್ಕೆ: ಈ ಮೂರೂ ಒಂದೇ ಡ್ರಮ್ಮಿನಲ್ಲಿ ಸೇರಿದರೆ ಮುದ್ರೆ ಇಲ್ಲದೆಯೂ 1963ರ ಕೊನೆ ಮತ್ತು 1968ರ ನಡುವಿನದು ಎಂದು ಹೇಳಬಹುದು. ಒಂದೇ ಗುರುತು ಹತ್ತು ವರ್ಷದ ಅವಧಿ ಕೊಟ್ಟರೆ ಮೂರು ಗುರುತುಗಳು ಸೇರಿ ಅದನ್ನು ಅರ್ಧಕ್ಕೆ ಇಳಿಸುತ್ತವೆ.

ಇತರ ಸಣ್ಣ ಸಾಕ್ಷಿಗಳು

ಹೆಡ್ ಬಗ್ಗೆ ಒಂದು ಮಾತು. 1956–57ರವರೆಗೆ ಡ್ರಮ್ಮಿಗೆ ಕರುವಿನ ಚರ್ಮ ಹೊದಿಸುತ್ತಿದ್ದರು. ಆಗ ಚಿಕ್ ಇವಾನ್ಸ್, ರೆಮೊ ಬೆಲ್ಲಿ ಮೊದಲಾದವರು ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಹೆಡ್‌ಗಳನ್ನು ಮಾರುಕಟ್ಟೆಗೆ ತಂದರು. ಚರ್ಮವನ್ನು ನೆನೆಸಿ ಯಾವ ಅಳತೆಯ ಶೆಲ್ಲಿಗೂ ಕೈಯಾರೆ ಸುತ್ತಬಹುದಿತ್ತು. ಪ್ಲಾಸ್ಟಿಕ್ ಹೆಡ್ ಕಾರ್ಖಾನೆಯಿಂದ ಸಿದ್ಧ ಅಳತೆಯಲ್ಲೇ ಬರುತ್ತದೆ, ಶೆಲ್ ಅದಕ್ಕೆ ಒಪ್ಪಬೇಕು. ಬ್ರಿಟನ್ನಿನ ಪ್ರೀಮಿಯರ್ ಕಂಪನಿಯ ಹಳೆಯ ಡ್ರಮ್‌ಗಳು ಕೂದಲೆಳೆಯಷ್ಟು ದೊಡ್ಡವು, ಇಂದಿನ ಹೆಡ್ ಅವುಗಳ ಮೇಲೆ ಇಳಿಯುವುದೇ ಇಲ್ಲ. ಅರವತ್ತರ ದಶಕದ ಕೊನೆಗೆ ಕಂಪನಿ ಅಂತರರಾಷ್ಟ್ರೀಯ ಅಳತೆಗೆ ಹೊರಳಿತು. ಹೆಡ್ ಕೂರುತ್ತದೆಯೋ ಇಲ್ಲವೋ ಎಂಬುದೇ ಅಲ್ಲಿ ವಯಸ್ಸಿನ ಪರೀಕ್ಷೆ.

ತಿರುಪುಗಳೂ ಮಾತಾಡುತ್ತವೆ. ಅಮೆರಿಕದ ಡ್ರಮ್‌ಗಳಲ್ಲಿ ಹೆಡ್ ಬಿಗಿಯುವ ತಿರುಪಿಗೆ ಇಂಚಿಗೆ 24 ಸುತ್ತು, ದಪ್ಪ ಸುಮಾರು 5.5 ಮಿಲಿಮೀಟರ್. ಜರ್ಮನಿಯ ಸೋನರ್ ಕಂಪನಿ ಬಹುಕಾಲ 6 ಮಿಲಿಮೀಟರ್ ದಪ್ಪದ ಮೆಟ್ರಿಕ್ ತಿರುಪು ಬಳಸಿತು. ಎರಡೂ ನೋಡಲು ಒಂದೇ ತರಹ, ಒಂದರ ಗೂಡಿಗೆ ಇನ್ನೊಂದು ಹೋಗದು. ಬ್ಯಾಡ್ಜ್ ಕಳಚಿಹೋದ ಡ್ರಮ್ ಯಾವ ದೇಶದ್ದು ಎಂಬ ಪ್ರಶ್ನೆಗೆ ಇಷ್ಟರಿಂದಲೇ ಅರ್ಧ ಉತ್ತರ ಸಿಗುತ್ತದೆ.

ಹೊರಗಿನ ಹೊದಿಕೆಯನ್ನೂ ನೋಡಬೇಕು. ಮುತ್ತಿನ ಹೊಳಪಿನ ಆ ಪ್ಲಾಸ್ಟಿಕ್ ಹಾಳೆ ಬೆಳಕಿಗೆ, ಸಿಗರೇಟಿನ ಹೊಗೆಗೆ ಹಳದಿಯಾಗುತ್ತದೆ. ಒಂದು ಲಗ್ ಬಿಚ್ಚಿದಾಗ ಅದರ ಅಡಿಯಲ್ಲಿ ಲಗ್ಗಿನದೇ ಆಕಾರದ ಬಿಳಿಯ ನೆರಳು ಉಳಿದಿದ್ದರೆ ಅದೇ ಲಗ್ ಅದೇ ಜಾಗದಲ್ಲಿ ದಶಕಗಟ್ಟಲೆ ಕೂತಿತ್ತು ಎಂದರ್ಥ. ನೆರಳಿನ ಆಕಾರ ಬೇರೆ, ಲಗ್ಗಿನ ಆಕಾರ ಬೇರೆ ಇದ್ದರೆ ಲಗ್ ಬದಲಾಗಿದೆ. ಶೆಲ್ಲಿನ ತೂತುಗಳೂ ಹಾಗೆಯೇ. ಲಗ್ಗಿಗೂ ಬ್ಯಾಡ್ಜಿಗೂ ಟಾಮ್ ತೋಳಿಗೂ ಲೆಕ್ಕ ಒಪ್ಪಿಸಿದ ಮೇಲೆ ಒಂದು ತೂತು ಹೆಚ್ಚಾಗಿ ಉಳಿದರೆ ಅಲ್ಲಿ ಯಾವುದೋ ಒಂದು ಕಾಲದಲ್ಲಿ ಬೇರೇನೋ ಇತ್ತು. ಬ್ಯಾಡ್ಜಿನ ನಕಲು ಮಾರುಕಟ್ಟೆಯಲ್ಲಿ ಸಿಗುತ್ತದೆ, ಶಾಯಿಯ ಮುದ್ರೆಯನ್ನೂ ಯಾರಾದರೂ ಒತ್ತಬಹುದು. ಕೊರೆದ ತೂತನ್ನು ಮಾತ್ರ ಇಲ್ಲವಾಗಿಸಲು ಬರುವುದಿಲ್ಲ. ಮುಚ್ಚಿದರೂ ಒಳಗಿನಿಂದ ಗುರುತು ಕಾಣುತ್ತದೆ.

ಮರ ಏಕೆ ಕಾಣುವುದಿಲ್ಲ

ಇನ್ನು ಎರಡನೆಯ ಪ್ರಶ್ನೆ, ಮರ. ನಮ್ಮ ಮೃದಂಗದ ಒಡಲನ್ನು ಹಲಸಿನ ಮರದ ಒಂದೇ ತುಂಡನ್ನು ಒಳಗೆ ಕೊರೆದು ಮಾಡುತ್ತಾರೆ. ಮರ ಕಣ್ಣೆದುರೇ ಇರುತ್ತದೆ, ಕೈಗೆ ತೂಕವೂ ಸಿಗುತ್ತದೆ. ಡ್ರಮ್ ಸೆಟ್‌ನ ಶೆಲ್ ಹಾಗಲ್ಲ. ಅದು ತೆಳು ಪದರಗಳನ್ನು ಬಾಗಿಸಿ, ಒಂದರ ಮೇಲೊಂದು ಅಂಟಿಸಿ ಮಾಡಿದ ಕೊಳವೆ, ಅಂದರೆ ಬಾಗಿದ ಪ್ಲೈವುಡ್. ಹೊರಗೆ ಪ್ಲಾಸ್ಟಿಕ್, ಒಳಗೆ ಬಣ್ಣ. ಹೀಗೆ ಎರಡೂ ಮುಖ ಮುಚ್ಚಿಕೊಂಡಿರುವ ವಸ್ತುವಿನ ಮರವನ್ನು ಬರೀ ಮೇಲ್ನೋಟಕ್ಕೆ ಹೇಳಲಾಗದು.

ಪದರ ಪದರವಾಗಿ ಮಾಡುವುದಕ್ಕೆ ಕಾರಣವಿದೆ. ಮರ ತೇವ ಹೀರಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿನಲ್ಲೂ ಒಂದೇ ಪ್ರಮಾಣದಲ್ಲಿ ಅಲ್ಲ. ಹಸಿ ಮರ ಪೂರ್ತಿ ಒಣಗುವಾಗ ನಾರಿನ ಉದ್ದಕ್ಕೆ ಶೇ 0.1–0.2ರಷ್ಟು ಮಾತ್ರ ಕುಗ್ಗುತ್ತದೆ. ನಾರಿಗೆ ಅಡ್ಡಲಾಗಿ, ಬೆಳವಣಿಗೆಯ ಬಳೆಯ ದಿಕ್ಕಿನಲ್ಲಿ, ಹೆಚ್ಚಿನ ಮರಗಳು ಶೇ 5ರಿಂದ 10ರಷ್ಟು ಕುಗ್ಗುತ್ತವೆ. ಎಲ್ಲ ನಾರೂ ಒಂದೇ ದಿಕ್ಕಿಗಿರುವ ತೆಳು ಕೊಳವೆ ಆದ್ದರಿಂದಲೇ ಸೀಳುತ್ತದೆ, ಸೊಟ್ಟಗಾಗುತ್ತದೆ. ಒಂದು ಪದರದ ನಾರು ಅಡ್ಡ, ಮುಂದಿನದರ ನಾರು ಉದ್ದ ಎಂದು ಜೋಡಿಸಿದರೆ ಒಂದು ಪದರ ಇನ್ನೊಂದನ್ನು ತಡೆಹಿಡಿಯುತ್ತದೆ.

ಅರವತ್ತರ ದಶಕದ ಲಡ್ವಿಗ್ ಶೆಲ್ ಮೂರು ಪದರದ್ದು. ನಡುವೆ ಪಾಪ್ಲರ್ ಎಂಬ ಹಗುರ ಮರ, ಅದರ ಎರಡೂ ಬದಿಗೆ ತೆಳುವಾದ ಗಟ್ಟಿ ಮರ. ಇಷ್ಟು ತೆಳುವಾದ ಕೊಳವೆ ತಿರುಪುಗಳ ಎಳೆತಕ್ಕೆ ದುಂಡು ಕಳೆದುಕೊಳ್ಳದಿರಲೆಂದು ಒಳಗೆ, ಎರಡೂ ಬಾಯಿಯ ಹತ್ತಿರ, ಮೇಪಲ್ ಮರದ ಬಳೆಯನ್ನು ಅಂಟಿಸುತ್ತಿದ್ದರು. ಎಪ್ಪತ್ತರ ದಶಕದ ನಡುಭಾಗದ ನಂತರ ಕಂಪನಿ ಆರು ಪದರಕ್ಕೆ ಹೋಯಿತು. ಶೆಲ್ ತಾನೇ ಗಟ್ಟಿಯಾದದ್ದರಿಂದ ಬಳೆ ಬೇಡವಾಯಿತು. ಹೀಗೆ ಬಳೆ ಇದೆಯೇ ಇಲ್ಲವೇ ಎಂಬುದು ಮರದ ವಿಷಯದ ಜೊತೆಗೆ ಕಾಲವನ್ನೂ ಹೇಳುತ್ತದೆ.

ಗಮನಿಸಬೇಕಾದ ಇನ್ನೊಂದು ಅಂಶ, ಒಳಗೆ ಬಣ್ಣ ಬಳಿಯುತ್ತಿದ್ದ ವರ್ಷಗಳಲ್ಲಿ ಮುಖದ ಪದರ ಯಾವಾಗಲೂ ಮೇಪಲ್ ಆಗಿರಲಿಲ್ಲ. ಮಹಾಗನಿಯೂ ಬಳಕೆಯಲ್ಲಿತ್ತು. ಬಣ್ಣ ಮುಚ್ಚುತ್ತಿದ್ದುದರಿಂದ ಎರಡರ ವ್ಯತ್ಯಾಸ ಕೊಳ್ಳುವವರಿಗೆ ಕಾಣುತ್ತಿರಲಿಲ್ಲ. ಮರ ಕಾಣುವ ವಾರ್ನಿಶ್ ಬಂದ ಮೇಲೆ ಒಳಮುಖಕ್ಕೆ ಮೇಪಲ್ ನೆಲೆಯಾಯಿತು. ಆದ್ದರಿಂದ ‘ಅರವತ್ತರ ದಶಕದ ಮೇಪಲ್ ಲಡ್ವಿಗ್’ ಎಂಬ ಮಾತು ಎರಡು ರೀತಿಯಲ್ಲಿ ಸಡಿಲ. ಮುಖದ ಪದರ ಮಹಾಗನಿ ಇರಬಹುದು. ಮೇಪಲ್ ಆಗಿದ್ದರೂ ಶೆಲ್‌ನ ಹೆಚ್ಚಿನ ದಪ್ಪ ನಡುವಿನ ಪಾಪ್ಲರ್‌ನದೇ.

ಅಂಚನ್ನು ಓದುವುದು

ಮರ ನೋಡಲು ಸರಿಯಾದ ಜಾಗ ಶೆಲ್ಲಿನ ಬಾಯಿಯ ಅಂಚು. ಹೆಡ್ ಕೂರುವ ಈ ಅಂಚಿಗೆ ಬೇರಿಂಗ್ ಎಡ್ಜ್ ಎನ್ನುತ್ತಾರೆ. ಅಲ್ಲಿ ಎಲ್ಲ ಪದರಗಳೂ ಕತ್ತರಿಸಿ ತೆರೆದುಕೊಂಡಿರುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಹಿಡಿದು ಹಳೆಯ ಲಡ್ವಿಗ್ ಟಾಮಿನ ಅಂಚನ್ನು ನೋಡಿದರೆ ಹೊರಗಿನಿಂದ ಒಳಕ್ಕೆ ಒಂದು ತೆಳು ತಿಳಿ ಗೆರೆ, ಆಮೇಲೆ ಅಗಲವಾದ, ತುಸು ಹಸಿರು ಬೂದು ಛಾಯೆಯ ಒರಟು ಪಟ್ಟೆ, ಮತ್ತೆ ತೆಳು ಗೆರೆ, ಕೊನೆಗೆ ಬಳೆಯ ದಪ್ಪ ಪಟ್ಟೆ ಸಾಲಾಗಿ ಕಾಣುತ್ತವೆ. ನಡುವಿನ ಪಟ್ಟೆ ಗಾಢವಾಗಿ ಕಾಣಲು ಮರದ ಬಣ್ಣದ ಜೊತೆ ನಾರಿನ ದಿಕ್ಕೂ ಕಾರಣ. ಅದರ ನಾರು ಮೇಲೆ ಕೆಳಗೆ ಓಡುವುದರಿಂದ ಅಂಚಿನಲ್ಲಿ ನಮಗೆ ಕಾಣುವುದು ಕತ್ತರಿಸಿದ ನಾರಿನ ತುದಿಗಳು. ತೆರೆದ ತುದಿಗಳು ದೂಳು, ಎಣ್ಣೆ, ವಾರ್ನಿಶ್ ಎಲ್ಲವನ್ನೂ ಹೆಚ್ಚು ಹೀರುತ್ತವೆ. ಆದ್ದರಿಂದ ಬರೀ ಬಣ್ಣ ನೋಡಿ ಇದು ಬೇರೆ ಮರ ಎಂದು ತೀರ್ಮಾನಿಸಬಾರದು. ಒಂದೇ ಮರದ ಪದರಗಳೂ ದಿಕ್ಕು ಬದಲಾದಾಗ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ.

ಅಂಚಿಗೆ ಬಣ್ಣ ಹತ್ತಿದ್ದರೆ ಲಗ್‌ನ ತಿರುಪು ಹಾಯುವ ತೂತಿನ ಒಳಗೋಡೆಯನ್ನು ನೋಡಬಹುದು. ಅಲ್ಲಿಯೂ ಪದರಗಳು ತೆರೆದಿರುತ್ತವೆ, ಬಣ್ಣ ತಲುಪಿರುವುದು ಕಡಿಮೆ. ಗಾಳಿ ಆಡುವ ದೊಡ್ಡ ತೂತು ಇನ್ನೂ ಅನುಕೂಲ ಎನಿಸಬಹುದು. ಆದರೆ ಹಲವು ಡ್ರಮ್‌ಗಳಲ್ಲಿ ಬ್ಯಾಡ್ಜನ್ನು ಹಿಡಿದಿರುವುದೇ ಆ ತೂತಿನ ಲೋಹದ ಬಿಲ್ಲೆ. ಅದನ್ನು ಎಬ್ಬಿಸಿದರೆ ಬ್ಯಾಡ್ಜ್ ಮೊದಲಿನಂತೆ ಕೂರುವುದಿಲ್ಲ, ಅಸಲಿತನದ ಒಂದು ಸಾಕ್ಷಿ ಕೈಯಾರೆ ಅಳಿಸಿದಂತಾಗುತ್ತದೆ.

ಮರಗಳನ್ನು ಬೇರೆ ಮಾಡಲು ಬಣ್ಣಕ್ಕಿಂತ ರಂಧ್ರಗಳು ನಂಬಿಕಸ್ಥ. ಮರದಲ್ಲಿ ನೀರು ಏರುವ ನಾಳಗಳು ಪದರದ ಮುಖದಲ್ಲಿ ಸೂಕ್ಷ್ಮ ಗೀರುಗಳಾಗಿ ಕಾಣುತ್ತವೆ. ಮೇಪಲ್‌ನಲ್ಲಿ ಅವು ಬಹಳ ಸಣ್ಣ, ಮೇಲ್ಮೈ ನುಣುಪು. ಬರ್ಚ್‌ನಲ್ಲಿ ಸ್ವಲ್ಪ ದೊಡ್ಡ, ಸೂಜಿಯಿಂದ ಎಳೆದ ಗೆರೆಯಂತೆ ಕಾಣುತ್ತವೆ. ಮಹಾಗನಿಯಲ್ಲಿ ಬರಿಗಣ್ಣಿಗೇ ಕಾಣುವ ಉದ್ದ ತೆರೆದ ಗೀರುಗಳು. ಬೀಚ್ ಮರದ ಗುರುತು ಬೇರೆ: ಮೈತುಂಬ ಎಳ್ಳು ಚೆಲ್ಲಿದಂತೆ ಗಿಡ್ಡ ಕಂದು ಚುಕ್ಕೆಗಳು. ಸೋನರ್‌ನ ಅನೇಕ ಹಳೆಯ ಶೆಲ್‌ಗಳು ಈ ಬೀಚ್ ಮರದವು. ಯಮಹಾದ ಹೆಸರಾಂತ ರೆಕಾರ್ಡಿಂಗ್ ಕಸ್ಟಮ್ ಸೆಟ್‌ಗಳು ಬರ್ಚ್‌ನವು. ಅರವತ್ತರ ದಶಕದಲ್ಲಿ ಜಪಾನಿನಲ್ಲಿ ತಯಾರಾಗಿ ಅಮೆರಿಕದ ಅಂಗಡಿಗಳಲ್ಲಿ ಹತ್ತಾರು ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾದ ಅಗ್ಗದ ಡ್ರಮ್‌ಗಳು ಹೆಚ್ಚಾಗಿ ಲವಾನ್ ಮರದವು. ಲವಾನ್‌ಗೆ ವ್ಯಾಪಾರದಲ್ಲಿ ‘ಫಿಲಿಪೀನ್ ಮಹಾಗನಿ’ ಎಂಬ ಹೆಸರಿದೆ, ಆದರೆ ಅದು ಮಹಾಗನಿಯ ಕುಟುಂಬದ್ದೇ ಅಲ್ಲ.

ಮಸೂರದಲ್ಲಿ ತೀರ್ಮಾನವಾಗದಿದ್ದರೆ ಸೂಕ್ಷ್ಮದರ್ಶಕವಿದೆ. ಬರ್ಚ್‌ನ ನಾಳಗಳು ಒಂದಕ್ಕೊಂದು ಕೂಡುವ ಕಡೆ ಏಣಿಯ ಮೆಟ್ಟಿಲಿನಂತಹ ಅಡ್ಡಪಟ್ಟಿಗಳಿರುತ್ತವೆ. ಮೇಪಲ್‌ನಲ್ಲಿ ಅಲ್ಲಿ ಒಂದೇ ತೆರೆದ ಬಾಯಿ, ನಾಳದ ಗೋಡೆಗೆ ಸುರುಳಿ ಗೆರೆಗಳು. ಲವಾನ್‌ನಲ್ಲಿ ರಾಳ ತುಂಬಿದ ಸಣ್ಣ ಕಾಲುವೆಗಳು ಸಾಲಾಗಿ ಕಾಣುತ್ತವೆ, ನಿಜವಾದ ಮಹಾಗನಿಯಲ್ಲಿ ಅಂಥವು ಸಹಜವಾಗಿ ಇರುವುದಿಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ಅಂಗರಚನೆಯ ಆಧಾರದಲ್ಲೇ ಮರಗಳನ್ನು ಗುರುತಿಸುತ್ತದೆ. ಬೆಂಕಿಕಡ್ಡಿಯ ಸೀಳಿನಷ್ಟು ಮರ ಈ ಬಗೆಯ ಪರೀಕ್ಷೆಗೆ ಸಾಕಾಗುವುದುಂಟು.

ಮರದ ಬಳೆಗಳನ್ನು ಎಣಿಸಿ ವಯಸ್ಸು ಹೇಳುವ ವಿಧಾನ ಇಲ್ಲೇಕೆ ನಡೆಯುವುದಿಲ್ಲ ಎಂದು ಕೇಳಬಹುದು. ಪ್ಲೈವುಡ್ಡಿನ ಪದರವನ್ನು ಸಾಮಾನ್ಯವಾಗಿ ದಿಮ್ಮಿಯನ್ನು ತಿರುಗಿಸುತ್ತಾ ಬ್ಲೇಡಿನಿಂದ ಹಾಳೆಯಂತೆ ಸುಲಿದು ತೆಗೆಯುತ್ತಾರೆ. ಬ್ಲೇಡು ಬಳೆಯ ಜೊತೆಜೊತೆಗೇ ಸಾಗುವುದರಿಂದ ಆ ತೆಳು ಹಾಳೆಯಲ್ಲಿ ವರ್ಷಗಳ ಸರಣಿ ಉಳಿಯುವುದಿಲ್ಲ. ಉಳಿದಿದ್ದರೂ ಅದು ಮರ ಬೆಳೆದ ಕಾಲವನ್ನು ಹೇಳುತ್ತದೆಯೇ ಹೊರತು ಡ್ರಮ್ ಕಟ್ಟಿದ ಕಾಲವನ್ನಲ್ಲ.

ಇಷ್ಟೆಲ್ಲ ಏಕೆ

ಮರಕ್ಕೂ ನಾದಕ್ಕೂ ಸಂಬಂಧವಿದೆ ಎಂಬುದು ಈ ಹುಡುಕಾಟದ ಹಿಂದಿರುವ ನಂಬಿಕೆ. ಮೇಪಲ್ ಬೆಚ್ಚಗಿನ ನಾದ, ಬರ್ಚ್ ಚುರುಕು ನಾದ ಎಂದು ಡ್ರಮ್ಮರ್‌ಗಳು ಹೇಳುತ್ತಾರೆ. ಅದರಲ್ಲಿ ಅನುಭವದ ಸತ್ಯವಿರಬಹುದು. ಆದರೆ ಗಟ್ಟಿ ಮೇಪಲ್‌ನ ಸಾಂದ್ರತೆ ಘನ ಮೀಟರಿಗೆ ಸುಮಾರು 700 ಕಿಲೊ, ಹಳದಿ ಬರ್ಚ್‌ನದು ಸುಮಾರು 690. ಇಷ್ಟು ಹತ್ತಿರದ ಎರಡು ಮರಗಳ ನಡುವಿನ ಭೇದಕ್ಕಿಂತ ಹೆಡ್ಡಿನ ಬಗೆ, ಅದರ ಬಿಗಿ, ಡ್ರಮ್ಮಿನ ವ್ಯಾಸ, ಶೆಲ್ಲಿನ ದಪ್ಪ, ಅಂಚನ್ನು ಚೂಪಾಗಿ ಕೊಯ್ದಿದ್ದಾರೋ ದುಂಡಗೆ ಸವರಿದ್ದಾರೋ ಎಂಬುದು ಕಿವಿಗೆ ಬೇಗ ಗೊತ್ತಾಗುತ್ತದೆ. ಸದ್ದು ಮಾಡುವುದು ಮೊದಲು ಹೆಡ್, ಶೆಲ್ ಅದರ ನಂತರದ್ದು.

ವಯಸ್ಸಿನ ವಿಷಯದಲ್ಲಿ ಬೆಲೆಯ ಮಾತು ಬರುತ್ತದೆ. ರಿಂಗೊ ಸ್ಟಾರ್ ಅವರ ಮೊದಲ ಲಡ್ವಿಗ್ ಸೆಟ್ 2015ರ ಹರಾಜಿನಲ್ಲಿ 20 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಆ ಹಣ ಪಾಪ್ಲರ್ ಮರಕ್ಕೆ ಸಂದದ್ದಲ್ಲ, ಅದನ್ನು ಯಾರು ನುಡಿಸಿದರು, ಆ ಸೆಟ್ ಕೈಯಿಂದ ಕೈಗೆ ಹೇಗೆ ಬಂತು ಎಂಬ ದಾಖಲೆಗೆ ಸಂದದ್ದು. ಸಾಮಾನ್ಯ ಸೆಟ್‌ಗಳಿಗೂ ಸಣ್ಣ ಪ್ರಮಾಣದಲ್ಲಿ ಇದೇ ನಿಯಮ ಅನ್ವಯಿಸುತ್ತದೆ. ಖರೀದಿಯ ರಸೀದಿ, ಹಳೆಯ ಫೋಟೊ, ಮೊದಲ ಮಾಲೀಕರ ಮಾತು ಇವು ಬ್ಯಾಡ್ಜಿನ ಸಂಖ್ಯೆಗಿಂತ ಹೆಚ್ಚು ತೂಗುತ್ತವೆ.

ಹೀಗಿರುವಾಗ ನಮ್ಮ ಅಭಿಪ್ರಾಯ ಸರಳ. ಹಳೆಯ ಡ್ರಮ್ಮಿಗೆ ಒಂದೇ ವರ್ಷವನ್ನು ಖಚಿತವಾಗಿ ಹೇಳುವವರಿಗಿಂತ ‘1964ರಿಂದ 1968ರ ನಡುವಿನದು, ಕಾರಣ ಇವು’ ಎನ್ನುವವರನ್ನು ನಂಬುವುದು ಲೇಸು. ಮಾರುವವರು ಶೆಲ್, ಬ್ಯಾಡ್ಜ್, ಹೂಪ್, ತೋಳು ಇವುಗಳ ವಯಸ್ಸನ್ನು ಬೇರೆ ಬೇರೆಯಾಗಿ ಬರೆದರೆ ವ್ಯಾಪಾರ ಕೆಡುವುದಿಲ್ಲ, ತಕರಾರು ಕಡಿಮೆಯಾಗುತ್ತದೆ. ಕೊಳ್ಳುವವರು ಹೆಡ್ ಬಿಚ್ಚಿ ನೋಡಲು ಬಿಡದ ಡ್ರಮ್ಮಿಗೆ ಹಳೆಯದೆಂಬ ಕಾರಣಕ್ಕೆ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಈಗಾಗಲೇ ಇಂಥದೊಂದು ಸೆಟ್ ಮನೆಯಲ್ಲಿದ್ದರೆ ಮರ ನೋಡುವ ಆಸೆಗೆ ಒಳಬಣ್ಣ ಕೆರೆಯುವುದಾಗಲಿ, ಅಂದಕ್ಕಾಗಿ ಹೊಸ ಹೊದಿಕೆ ಹಾಕುವುದಾಗಲಿ ಬೇಡ. ಓದಬೇಕಾದ ಅಕ್ಷರಗಳೇ ಅದರಲ್ಲಿ ಹೋಗುತ್ತವೆ. ಒಂದು ಭಾಗ ಬದಲಿಸಲೇಬೇಕಾದರೆ ಹಳೆಯದನ್ನು ಎಸೆಯದೆ ಇಟ್ಟು, ಏನನ್ನು ಯಾವಾಗ ಬದಲಿಸಿದ್ದು ಎಂದು ಒಂದು ಚೀಟಿಯಲ್ಲಿ ತಾರೀಖು ಸಹಿತ ಬರೆದಿಟ್ಟರೆ ಸಾಕು. ಕಾರ್ಖಾನೆಯವರು ಸಂಖ್ಯೆಯನ್ನು ಸಾಲಾಗಿ ಹಾಕಲಿಲ್ಲ ಎಂದು ಇಂದು ತಲೆ ಕೆಡಿಸಿಕೊಳ್ಳುವ ನಾವು ಮುಂದಿನವರಿಗೆ ಅದೇ ತೊಡಕನ್ನು ಉಳಿಸಿಹೋಗಬಾರದು.